ಐರಿಸ್‌ಗೆ ಕೊಟ್ಟ 10 ಅಂಕ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಕೇಳಿಸದಿದ್ದರೆ ಮುಂದೆ ಬನ್ನಿ. ಮುಂದಿನ ಎರಡು ಸಾಲು ಎಂದಿನ ಹಾಗೆ ಖಾಲಿ ಇವೆ. ಹೆದರಬೇಡಿ, ಮುಂದೆ ಕೂತವರಿಗೆ ಪ್ರಶ್ನೆ ಕೇಳುವ ಚಟ ನಿವೃತ್ತಿಯಾದ ದಿನವೇ ಬಿಟ್ಟಿದ್ದೇನೆ.

ಹೋದ ತಿಂಗಳು ಇದೇ ಹಾಲ್‌ನಲ್ಲಿ ಆದ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ಇಲ್ಲಿದ್ದವರು ನೋಡಿದ್ದೀರಿ, ಇಲ್ಲದವರು ವಾಟ್ಸಾಪ್‌ನಲ್ಲಿ ಓದಿದ್ದೀರಿ. ಮಕ್ಕಳ ಕ್ವಿಜ್. ಮಲ್ಲಿಗೆ ತಂಡ, ಸಂಪಿಗೆ ತಂಡ. ಕ್ವಿಜ್ ಮಾಸ್ಟರ್ ನಾನು. ಕೊನೆಯ ಸುತ್ತಿನಲ್ಲಿ ಬಹಳ ಹೆಮ್ಮೆಯಿಂದ ಒಂದು ಪ್ರಶ್ನೆ ಬಿಟ್ಟೆ: 'ರೋಮನ್ ಪುರಾಣದ ಒಬ್ಬ ದೇವತೆ, ಒಂದು ಹೂವು, ಒಂದು ಜನಪ್ರಿಯ ಇಂಗ್ಲಿಷ್ ಹಾಡು. ಮೂರಕ್ಕೂ ಒಂದೇ ಹೆಸರು. ಯಾವುದು?' ಸಂಪಿಗೆ ತಂಡ 'ಐರಿಸ್' ಅಂತು. ನನ್ನ ಚೀಟಿಯಲ್ಲೂ ಅದೇ ಇತ್ತು. 10 ಅಂಕ ಕೊಟ್ಟೆ. ಆಗ ಮಲ್ಲಿಗೆ ತಂಡದ ಒಂದು ಹುಡುಗಿ ಎದ್ದು ನಿಂತಳು. 'ಸಾರ್, ಐರಿಸ್ ಗ್ರೀಕ್ ದೇವತೆ. ಪ್ರಶ್ನೆಯೇ ತಪ್ಪು.'

ನಾನು ಏನು ಹೇಳಿದೆ ಅಂತ ಇಲ್ಲಿದ್ದವರಿಗೆ ನೆನಪಿದೆ. 'ಕೂತ್ಕೋ ಮಗೂ, ರೋಮನ್ನರು ಗ್ರೀಕರದ್ದನ್ನೆಲ್ಲ ತಗೊಂಡರು, ಎಲ್ಲ ಒಂದೇ' ಅಂದೆ. ಮಲ್ಲಿಗೆ ತಂಡ ಸರಿಯಾಗಿ 10 ಅಂಕದಿಂದ ಸೋತಿತು.

ಮನೆಗೆ ಹೋದೆ, ಊಟ ಮಾಡಿದೆ, ಮಲಗಿದೆ. ನಿದ್ದೆ ಬರಲಿಲ್ಲ. ಇಡೀ ಜೀವನ ಸಸ್ಯಶಾಸ್ತ್ರ ಪಾಠ ಮಾಡಿದವನು ನಾನು. ಒಂದು ಗಿಡವನ್ನು ಇನ್ನೊಂದರ ಹೆಸರಿನಿಂದ ಕರೆದರೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮುಲಾಜಿಲ್ಲದೆ ಸೊನ್ನೆ ಹಾಕುತ್ತಿದ್ದೆ. ಅಂಥವನು 'ಎಲ್ಲ ಒಂದೇ' ಅಂದುಬಿಟ್ಟೆನಲ್ಲ! ಅದಕ್ಕೇ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಈ ತಿಂಗಳ ಭಾಷಣ ನನಗೆ ಕೊಡಿ ಅಂತ ನಾನೇ ಕೇಳಿಕೊಂಡೆ. ಅವರು 40 ನಿಮಿಷ ಕೊಟ್ಟಿದ್ದಾರೆ. ಆ ಹುಡುಗಿ ಬಂದಿದ್ದಾಳೆ, ನೋಡಿದೆ. ಅವಳ ಅಜ್ಜಿಯೂ ಬಂದಿದ್ದಾರೆ. ಅವರು ನನ್ನನ್ನು ನೋಡುತ್ತಿರುವ ರೀತಿ ನನಗೆ ಅಷ್ಟು ಹಿಡಿಸುತ್ತಿಲ್ಲ.

ಮೊದಲು ನನ್ನ ಪರವಾಗಿ ಒಂದೆರಡು ಮಾತು. ಕಟಕಟೆಯಲ್ಲಿ ನಿಂತವನಿಗೂ ಒಂದು ಅವಕಾಶ ಬೇಕಲ್ವಾ?

ಐರಿಸ್ ಕಾಮನಬಿಲ್ಲಿನ ದೇವತೆ. ಹುಟ್ಟಿದ್ದು ಗ್ರೀಕರ ಮನೆಯಲ್ಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಮನ್ ಕವಿಗಳು ಅವಳನ್ನು ಕರೆಸಿಕೊಂಡು ಚೆನ್ನಾಗಿ ದುಡಿಸಿದರು. ವರ್ಜಿಲ್‌ನ ಈನಿಡ್ ಕಾವ್ಯದಲ್ಲಿ ಅವಳು ದೇವತೆಗಳ ರಾಣಿ ಜೂನೋ ದೇವಿಯ ದೂತಿ. ನಾಲ್ಕನೆಯ ಪುಸ್ತಕದ ಕೊನೆ ನೋಡಿ. ರಾಣಿ ಡೈಡೋ ಚಿತೆಯ ಮೇಲೆ ಕತ್ತಿಯಿಂದ ಇರಿದುಕೊಂಡಿದ್ದಾಳೆ. ಪ್ರಾಣ ಹೋಗುತ್ತಿಲ್ಲ. ಆಯಸ್ಸು ಮುಗಿಯುವ ಮೊದಲೇ ಸಾಯಲು ಹೊರಟವಳು, ಹಾಗಾಗಿ ಪಾತಾಳದ ರಾಣಿ ಇನ್ನೂ ಅವಳ ತಲೆಯ ಕೂದಲೆಳೆ ಕತ್ತರಿಸಿಕೊಂಡಿಲ್ಲ. ಜೂನೋಗೆ ಅಯ್ಯೋ ಅನಿಸುತ್ತದೆ. ಐರಿಸ್‌ಳನ್ನು ಕಳಿಸುತ್ತಾಳೆ. ಅವಳು ಕೇಸರಿ ರೆಕ್ಕೆ ಬಿಚ್ಚಿಕೊಂಡು, ಎದುರಿನ ಸೂರ್ಯನಿಂದ ಸಾವಿರ ಬಣ್ಣ ಎಳೆಯುತ್ತಾ ಇಳಿದು ಬಂದು, ಒಂದು ಕೂದಲೆಳೆ ಕತ್ತರಿಸುತ್ತಾಳೆ. ಅಷ್ಟೇ. ಮೈ ತಣ್ಣಗಾಗುತ್ತದೆ. ನಾನು ಇದನ್ನು ಇಂಗ್ಲಿಷ್‌ನಲ್ಲಿ ಓದಿದವನು, ಲ್ಯಾಟಿನ್ ನನಗೆ ಗಿಡದ ಹೆಸರು ಬಿಟ್ಟು ಮುಂದಕ್ಕೆ ಬರುವುದಿಲ್ಲ. ಆದರೂ ಆ ಭಾಗ ಬಂದಾಗ ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಡಬೇಕಾಗುತ್ತದೆ.

ಆದ್ದರಿಂದ ಐರಿಸ್ ರೋಮನ್ ಕಾವ್ಯದಲ್ಲಿ ಇದ್ದಾಳೆ ಅನ್ನುವುದು ನಿಜ. ಆದರೆ ರೋಮನ್ನರು ಅಫ್ರೊಡೈಟಿಗೆ ವೀನಸ್ ಅಂತ, ಆರ್ಟಿಮಿಸ್‌ಗೆ ಡಯಾನಾ ಅಂತ ಮನೆಯ ಹೆಸರು ಕೊಟ್ಟ ಹಾಗೆ ಇವಳಿಗೆ ಕೊಡಲಿಲ್ಲ. ಗ್ರೀಕ್ ಹೆಸರಿನಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಅವಳು ರೋಮ್‌ನ ಮಗಳಲ್ಲ, ಬಂದು ಹೋಗುವವಳು. ಹುಡುಗಿ ಹೇಳಿದ್ದೇ ಸರಿ.

ಇನ್ನು ಹೂವು. ನಾಲ್ಕನೆಯ ಶತಮಾನದಷ್ಟು ಹಿಂದೆ, ಕ್ರಿಸ್ತಪೂರ್ವದಲ್ಲೇ, ಗಿಡಗಳ ಬಗ್ಗೆ ಬರೆದ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಈ ಗಿಡವನ್ನು ಐರಿಸ್ ಅಂತ ಕರೆದಿದ್ದಾನೆ. ಒಂದೇ ಜಾತಿಯಲ್ಲಿ ನೀಲಿ, ಹಳದಿ, ನೇರಳೆ, ಬಿಳಿ ಎಲ್ಲ ಬಣ್ಣ ಇದೆ ಅಂತ ಕಾಮನಬಿಲ್ಲಿನ ಹೆಸರು. ಕಣ್ಣಿನ ಕಪ್ಪು ಚುಕ್ಕೆಯ ಸುತ್ತ ಇರುವ ಬಣ್ಣದ ಬಳೆಗೂ ಅದೇ ಹೆಸರು. ಆಧಾರ್ ಕಾರ್ಡ್ ಮಾಡಿಸುವಾಗ ನೀವೆಲ್ಲ ಒಂದು ಯಂತ್ರದೊಳಗೆ ಕಣ್ಣಿಟ್ಟು ನೋಡಿದಿರಲ್ಲ, ಅದು ಐರಿಸ್ ಸ್ಕ್ಯಾನ್. ಆ ಗ್ರೀಕ್ ದೇವತೆಯ ಹೆಸರು ಸರ್ಕಾರಿ ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲೇ ಇದೆ.

ಮೂರನೆಯದು ಹಾಡು. ಇದು ನನಗೆ ಬಹಳ ಇಷ್ಟದ ಕಥೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

1998ರಲ್ಲಿ ಅಮೆರಿಕದಲ್ಲಿ ಗೂ ಗೂ ಡಾಲ್ಸ್ ಅನ್ನುವ ಬ್ಯಾಂಡು 'ಐರಿಸ್' ಅಂತ ಒಂದು ಹಾಡು ತಂದಿತು. ಬ್ಯಾಂಡಿನ ಹೆಸರು ಕೇಳಿ ನಗಬೇಡಿ, ಹಾಡು ಚೆನ್ನಾಗಿದೆ. ಸಿಟಿ ಆಫ್ ಏಂಜಲ್ಸ್ ಅನ್ನುವ ಸಿನಿಮಾಕ್ಕೆ ಬರೆದದ್ದು. ರೇಡಿಯೋದಲ್ಲಿ ಅತಿ ಹೆಚ್ಚು ಕೇಳಿಬರುವ ಹಾಡುಗಳ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ನನ್ನ ಮಗಳು ಆಗ ಕಾಲೇಜಿನಲ್ಲಿದ್ದಳು. ಮನೆಯಲ್ಲಿ ಅದು ಹೊತ್ತಿಲ್ಲ ಗೊತ್ತಿಲ್ಲ ಅಂತ ಓಡುತ್ತಿತ್ತು. ನಾನೂ ಸಸ್ಯಶಾಸ್ತ್ರದ ಮೇಷ್ಟ್ರು, ಹೆಸರು ಕೇಳಿ ಕಿವಿ ನೆಟ್ಟಗಾಯಿತು. ಹೂವಿನ ಮೇಲೆ ಹಾಡು ಬರೆದಿದ್ದಾರಲ್ಲ, ಭೇಷ್ ಅಂದುಕೊಂಡು ಗಮನವಿಟ್ಟು ಕೇಳಿದೆ. ಪೂರ್ತಿ ಹಾಡು ಕೇಳಿದೆ. ಹೂವು ಇಲ್ಲ. ಕಾಮನಬಿಲ್ಲಿಲ್ಲ. ದೇವತೆಯೂ ಇಲ್ಲ. ಐರಿಸ್ ಅನ್ನುವ ಪದವೇ ಇಲ್ಲ! ಮಗಳನ್ನು ಕೇಳಿದೆ, 'ಏನಮ್ಮಾ ಇದು, ಯಾರು ಐರಿಸ್?' 'ಅಪ್ಪಾ, ಹಾಡು ಕೇಳಿ, ಹೆಸರು ಕಟ್ಕೊಂಡು ಏನಾಗ್ಬೇಕು' ಅಂದಳು. ಆ ತಲೆಮಾರಿನ ಮನೋಧರ್ಮವೇ ಹಾಗೆ.

ಎಷ್ಟೋ ವರ್ಷ ಆದಮೇಲೆ ವಿಷಯ ಗೊತ್ತಾಯಿತು. ಹಾಡು ಬರೆದ ಜಾನ್ ರೆಜ್ನಿಕ್‌ಗೆ ಹಾಡು ಮುಗಿದರೂ ಹೆಸರು ಹೊಳೆದಿರಲಿಲ್ಲ. ಲಾಸ್ ಏಂಜಲೀಸ್‌ನ ಒಂದು ವಾರಪತ್ರಿಕೆ ತಿರುವಿ ಹಾಕುತ್ತಿದ್ದ. ಊರಿನಲ್ಲಿ ಯಾವ ಯಾವ ಸಂಗೀತ ಕಛೇರಿ ಇದೆ ಅನ್ನುವ ಪಟ್ಟಿ ಇತ್ತು. ಅದರಲ್ಲಿ ಐರಿಸ್ ಡಿಮೆಂಟ್ ಅನ್ನುವ ಗಾಯಕಿಯ ಹೆಸರು ಕಂಡಿತು. ಹೆಸರು ಚೆನ್ನಾಗಿದೆಯಲ್ಲ ಅಂದುಕೊಂಡ, ಇಟ್ಟುಬಿಟ್ಟ. ಅಷ್ಟೇ ಕಥೆ! ನಾನು ಹೂವಿನ ದಾರಿಯಲ್ಲಿ ಹುಡುಕುತ್ತಾ ಕೂತಿದ್ದೆ, ಅದು ಪೇಪರ್ ದಾರಿಯಲ್ಲಿ ಬಂದಿತ್ತು.

ಈಗ ಸರಪಳಿ ನೋಡಿ. ಕಾಮನಬಿಲ್ಲು, ಅದರ ದೇವತೆ, ದೇವತೆಯಿಂದ ಹೂವು. ಇಂಗ್ಲಿಷ್ ಮಾತಾಡುವ ಕಡೆ ಹೆಣ್ಣುಮಕ್ಕಳಿಗೆ ಲಿಲಿ, ರೋಸ್, ವಯೊಲೆಟ್, ಐರಿಸ್ ಅಂತ ಹೆಸರಿಡುವ ರೂಢಿ ಬಂತು. ಹಾಗೆ ಹೆಸರು ಪಡೆದವಳೊಬ್ಬಳು ಗಾಯಕಿಯಾದಳು. ಅವಳ ಹೆಸರು ಪೇಪರಿನಲ್ಲಿ ಬಂತು. ಅದನ್ನು ಇನ್ನೊಬ್ಬ ಓದಿದ. ಒಂದೊಂದು ಕೊಂಡಿಯಲ್ಲೂ ಒಬ್ಬ ಮನುಷ್ಯ ನಿಂತಿದ್ದಾನೆ.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದೇ. ಮದುವೆ ಮಾತುಕತೆಯಲ್ಲಿ ಹಿರಿಯರು ಮೊದಲು ಏನು ಕೇಳುತ್ತಾರೆ? 'ಮಧ್ಯಸ್ಥರು ಯಾರು?' ಹೆಸರಿಗೂ ಅದೇ ಪ್ರಶ್ನೆ ಕೇಳಿ. ಎರಡು ಕಡೆ ಒಂದೇ ಹೆಸರು ಕಂಡ ಕೂಡಲೇ ಸಂಬಂಧ ಕಟ್ಟಬೇಡಿ. ಮಧ್ಯಸ್ಥರು ಯಾರು, ಅವರನ್ನು ಹುಡುಕಿ. ಸಿಕ್ಕರೆ ಸಂಬಂಧ, ಸಿಗದಿದ್ದರೆ ಸುಮ್ನೆ ಇರಿ.

ನಮ್ಮ ಬಸ್ ಸ್ಟಾಪಿನ ಹತ್ತಿರ ಮಂಜುನಾಥ ಟೈಲರ್ಸ್ ಇದೆ, ಮಂಜುನಾಥ ಬೇಕರಿ ಇದೆ, ಮಂಜುನಾಥ ಸೈಕಲ್ ಷಾಪ್ ಇದೆ. ಮೂವರಿಗೂ ಒಬ್ಬರ ಮುಖ ಒಬ್ಬರು ಕಂಡರೆ ಆಗುವುದಿಲ್ಲ, ಪಾರ್ಕಿಂಗ್ ಜಗಳ. ಹಾಗಂತ ಸಂಬಂಧ ಇಲ್ಲವೇ ಅಂದರೆ, ಇದೆ. ಮೂವರೂ ಧರ್ಮಸ್ಥಳಕ್ಕೆ ಹೋಗುವವರೇ. ಆದರೆ ಆ ಸಂಬಂಧ ಟೈಲರ್‌ಗೂ ಬೇಕರಿಗೂ ನಡುವೆ ಇಲ್ಲ, ಇಬ್ಬರಿಗೂ ದೇವರಿಗೂ ನಡುವೆ ಇದೆ. ಹೂವಿನ ಹೆಸರು, ಹಾಡಿನ ಹೆಸರು ಎಷ್ಟೋ ಸಲ ಹೀಗೇ ಇರುತ್ತವೆ.

ಸರಿ. ಹಾಗಾದರೆ ನನ್ನ ಪ್ರಶ್ನೆಗೆ ನಿಜವಾದ ರೋಮನ್ ಉತ್ತರ ಇದೆಯೇ? ಗಲಾಟೆಯ ಮಧ್ಯೆ ಯಾರೋ ಹಿಂದಿನಿಂದ 'ವೀನಸ್' ಅಂತ ಕೂಗಿದರು. ಅದಕ್ಕೆ ಆಮೇಲೆ ಬರುತ್ತೇನೆ. ನಾನು ಹುಡುಕಿದ ಉತ್ತರ ಡಯಾನಾ.

ಡಯಾನಾ ಬೇಟೆಯ ದೇವತೆ, ಚಂದ್ರನ ದೇವತೆ, ಮದುವೆ ಬೇಡ ಅಂದವಳು. ಹಾಡು ನನಗೆ ಮೊದಲೇ ಗೊತ್ತಿತ್ತು. ಕೆನಡಾದ ಪಾಲ್ ಆಂಕಾ 1957ರಲ್ಲಿ ಹಾಡಿದ್ದು. ಆಗ ಅವನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, 15 ದಾಟಿ 16. ತನಗಿಂತ ವಯಸ್ಸಿನಲ್ಲಿ ದೊಡ್ಡವಳ ಮೇಲೆ ಮನಸ್ಸಾದ ಹುಡುಗನ ಹಾಡು. ನಮ್ಮ ಅಣ್ಣ ಅದನ್ನು ಬಚ್ಚಲಮನೆಯಲ್ಲಿ ಹಾಡುತ್ತಿದ್ದ. ಇಂಗ್ಲಿಷ್ ಅರ್ಥವಾಗದ ನಮ್ಮಮ್ಮ, ದೇವರನಾಮ ಹಾಡೋಕೆ ನಾಚಿಕೆ, ಇದಕ್ಕೆ ಗಂಟಲು ಬರುತ್ತೆ ಅಂತ ಬೈಯುತ್ತಿದ್ದರು. ದೇವರನಾಮವೇ ಅಮ್ಮ ಅದು, ಬೇರೆ ಊರಿನ ದೇವರದ್ದು ಅಷ್ಟೇ ಅಂತ ಹೇಳುವಷ್ಟು ಜ್ಞಾನ ಆಗ ನನಗಿರಲಿಲ್ಲ. ಇದ್ದಿದ್ದರೂ ಮಧ್ಯಸ್ಥರು ಯಾರು ಅಂತ ಕೇಳಿದರೆ ಮಾತು ನಿಲ್ಲುತ್ತಿರಲಿಲ್ಲ. ಆ ಹಾಡಿನ ಡಯಾನಾ ದೇವಿಯಲ್ಲ, ದೇವಿಯ ಹೆಸರಿಟ್ಟುಕೊಂಡ ಪಕ್ಕದ ಬೀದಿಯಂಥ ಹುಡುಗಿ. ಇಲ್ಲೂ ಮಧ್ಯಸ್ಥಿಕೆ ಒಬ್ಬ ಹುಡುಗಿಯದ್ದೇ!

ಹೂವು? ಇಲ್ಲಿ ನನ್ನ ಖುಷಿ ನೋಡಿ. ವಾಷಿಂಗ್ಟನ್‌ನ ನ್ಯಾಷನಲ್ ಆರ್ಬೊರೀಟಮ್, ಅಂದರೆ ಅವರ ಸರ್ಕಾರಿ ಸಸ್ಯೋದ್ಯಾನ. ಅಲ್ಲಿ ಡೊನಾಲ್ಡ್ ಈಗಾಲ್ಫ್ ಅನ್ನುವ ವಿಜ್ಞಾನಿ ಒಂದು ಜಾತಿಯ ದಾಸವಾಳದ ಹೊಸ ತಳಿಗಳನ್ನು ಬೆಳೆಸಿದರು. ನಮ್ಮ ಹಿತ್ತಲಿನ ಕೆಂಪು ದಾಸವಾಳ ಅಲ್ಲ, ಅದರ ದಾಯಾದಿ, ಚಳಿ ತಡೆಯುವ ಜಾತಿ. ಆ ತಳಿಗಳಿಗೆ ಇಟ್ಟ ಹೆಸರು ಡಯಾನಾ, ಹೆಲೀನ್, ಮಿನರ್ವಾ, ಅಫ್ರೊಡೈಟಿ. ಡಯಾನಾ ಅಂದರೆ ಅಚ್ಚ ಬಿಳಿ, ಅಗಲ ಹೂವು. ಇವು ಟ್ರಿಪ್ಲಾಯ್ಡ್, ಅಂದರೆ ವರ್ಣತಂತುಗಳ ಮೂರು ಕಂತೆ ಇರುವ ಗಿಡಗಳು, ಬೀಜ ಕಟ್ಟುವುದು ತೀರಾ ಕಡಿಮೆ. ಮದುವೆ ಬೇಡ ಅಂದ ದೇವಿಯ ಹೆಸರು, ಬೀಜ ಕಟ್ಟದ ಗಿಡಕ್ಕೆ! ಬೇಕಂತಲೇ ಇಟ್ಟರೋ ಹಾಗೇ ಆಯಿತೋ, ನನಗಂತೂ ಅರ್ಧ ದಿನ ನಗು ನಿಲ್ಲಲಿಲ್ಲ. ಮನೆಯವರು ಏನಾಯಿತು ಅಂದರು. ದಾಸವಾಳ ಅಂದೆ. ಕಾಫಿ ಕೊಟ್ಟು ಸುಮ್ಮನಾದರು.

ದಾಸವಾಳವಾದರೂ ಅಮೆರಿಕದ್ದು. ಆದರೆ ಡಯಾನಾ ನಮ್ಮ ಮನೆಬಾಗಿಲಿಗೇ ಬಂದಿದ್ದಾಳೆ, ಬೇರೆ ವೇಷದಲ್ಲಿ. ಗ್ರೀಕರು ಅವಳನ್ನು ಕರೆದದ್ದು ಆರ್ಟಿಮಿಸ್ ಅಂತ. ಆ ಹೆಸರಿನ ಒಂದು ದೊಡ್ಡ ಸಸ್ಯ ಕುಲ ಇದೆ, ಆರ್ಟಿಮೀಸಿಯಾ. ಅದರಲ್ಲಿ ಆರ್ಟಿಮೀಸಿಯಾ ಪ್ಯಾಲೆನ್ಸ್ ಅನ್ನುವುದು ಯಾವುದು ಹೇಳಿ? ದವನ! ಕನಕಾಂಬರ, ಮಲ್ಲಿಗೆ ಮಧ್ಯೆ ಹಸಿರಾಗಿ ಸೇರಿಸಿ ಕಟ್ಟುತ್ತಾರಲ್ಲ, ಮುಡಿದವರು ದಾಟಿ ಹೋದರೂ ಎರಡು ನಿಮಿಷ ಘಮ ಉಳಿಯುತ್ತದಲ್ಲ, ಅದು. ದವನದ ಹುಣ್ಣಿಮೆಯ ದವನ. ಗಣೇಶನ ಹಬ್ಬದ ಪತ್ರೆಗಳಲ್ಲಿ ಬರುವ ಮಾಚಿಪತ್ರೆಯೂ ಅದೇ ಕುಲ. ಇವತ್ತು ಬೆಳಿಗ್ಗೆ ಮೊಳ ಹೂ ತಂದೆ, ಬುಟ್ಟಿ ಇಟ್ಟುಕೊಂಡು ಕೂತ ಅಮ್ಮನ ಹತ್ತಿರ. 'ದವನ ಸ್ವಲ್ಪ ಜಾಸ್ತಿ ಹಾಕಮ್ಮ' ಅಂದೆ. 'ನಿಮಗ್ಯಾಕೆ ಸಾರ್ ದವನ' ಅಂತ ನನ್ನ ಬೋಳು ತಲೆ ನೋಡಿದಳು. ಭಾಷಣಕ್ಕೆ ಅಂದೆ. ನಂಬಲಿಲ್ಲ. ಇಲ್ಲಿ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ, ಮೂಸಿ ನೋಡಿ.

ಆದರೆ ಇಲ್ಲೂ ಮಧ್ಯಸ್ಥರ ತಕರಾರು ಇದೆ. ಎರಡು ಸಾವಿರ ವರ್ಷದ ಹಿಂದೆಯೇ ರೋಮ್‌ನ ಲೇಖಕ ಪ್ಲಿನಿ ಈ ಹೆಸರಿನ ಬಗ್ಗೆ ಎರಡು ಮಾತು ಬರೆದಿಟ್ಟಿದ್ದಾನೆ. ಒಂದು, ಮಾಸೋಲಸ್ ರಾಜನ ಹೆಂಡತಿ ಆರ್ಟಿಮೀಸಿಯಾ ಅನ್ನುವ ರಾಣಿ ತನ್ನ ಹೆಸರನ್ನೇ ಗಿಡಕ್ಕೆ ಇಟ್ಟಳು ಅಂತ. ಇನ್ನೊಂದು, ಹೆಂಗಸರ ಕಾಯಿಲೆಗಳಿಗೆ ಔಷಧ ಆದ್ದರಿಂದ ದೇವತೆಯ ಹೆಸರು ಬಂತು ಅಂತ. ರಾಣಿ ಮೂಲಕ ಬಂದರೂ ರಾಣಿಗೆ ಹೆಸರು ಬಂದದ್ದು ದೇವತೆಯಿಂದಲೇ. ಆದರೆ ದಾರಿ ಬೇರೆ. ನೇರ ಸಂಬಂಧವೋ, ರಾಣಿಯ ಮನೆ ಮೇಲೆ ಹಾದು ಬಂದ ಸಂಬಂಧವೋ? ಪ್ಲಿನಿ ಎರಡನ್ನೂ ಹೇಳಿ ಬಿಟ್ಟ. ಒಳ್ಳೆಯ ಮೇಷ್ಟ್ರ ಲಕ್ಷಣ ಅದು. ನಾನಾಗಿದ್ದರೆ 'ಕೂತ್ಕೋ ಮಗೂ' ಅಂದಿರುತ್ತಿದ್ದೆ.

ಕಾರ್ಯದರ್ಶಿಗಳು ಕೈಗಡಿಯಾರ ಮುಟ್ಟುತ್ತಿದ್ದಾರೆ. ಇನ್ನು 15 ನಿಮಿಷ ಅಂತೆ. ಸರಿ, ಮುಖ್ಯವಾದದ್ದಕ್ಕೆ ಬರುತ್ತೇನೆ. ಇದನ್ನು ಹೇಳಲಿಕ್ಕೇ ಬಂದದ್ದು, ಐರಿಸ್ ಅರ್ಧ ಹೊತ್ತು ತಿಂದುಹಾಕಿದಳು.

ಚೆಂಡುಹೂ. ಆಯುಧಪೂಜೆಗೆ ಬಸ್ಸಿಗೆ, ಆಟೋಗೆ, ಲೇತ್ ಮಷೀನಿಗೆ, ಕಂಪ್ಯೂಟರಿಗೆ ಹಾಕುವ ಹೂವು. ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋದವರು ನೋಡಿರುತ್ತೀರಿ, ರಸ್ತೆ ಪಕ್ಕ ಎಕರೆಗಟ್ಟಲೆ ಕಿತ್ತಳೆ ಬಣ್ಣ. ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತೀರಲ್ಲ, ಆ ಹೊಲಗಳು. ಅಲ್ಲಿಯ ಹೂವೆಲ್ಲ ದೇವರಿಗೆ ಹೋಗುವುದಿಲ್ಲ. ಬಹಳಷ್ಟು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆ ಬಣ್ಣ ಕೋಳಿ ಆಹಾರಕ್ಕೆ ಸೇರುತ್ತದೆ, ಮೊಟ್ಟೆಯ ಭಂಡಾರ ಹಳದಿಯಾಗಲಿ ಅಂತ. ಹೀಗೆ ಚೆಂಡುಹೂ ಒಂದು ಕಡೆ ದೇವರ ತಲೆ ಮೇಲೆ, ಇನ್ನೊಂದು ಕಡೆ ಆಮ್ಲೆಟ್‌ನಲ್ಲಿ. ಮೊಟ್ಟೆ ತಿನ್ನದವರು ಕ್ಷಮಿಸಿ.

ಇದು ನಮ್ಮ ಹೂವಲ್ಲ, ಮೆಕ್ಸಿಕೋದ್ದು. ಅಲ್ಲಿ ಸತ್ತವರ ಹಬ್ಬದ ದಿನ ಸಮಾಧಿಗೆಲ್ಲ ಇದೇ ಹೂವು. ಯೂರೋಪಿನವರು ಅದರ ಒಂದು ಜಾತಿಗೆ ಆಫ್ರಿಕನ್ ಮಾರಿಗೋಲ್ಡ್, ಇನ್ನೊಂದಕ್ಕೆ ಫ್ರೆಂಚ್ ಮಾರಿಗೋಲ್ಡ್ ಅಂತ ಹೆಸರಿಟ್ಟರು. ಆಫ್ರಿಕಾದ್ದೂ ಅಲ್ಲ, ಫ್ರಾನ್ಸಿನದ್ದೂ ಅಲ್ಲ. ಹೆಸರಿಡುವುದರಲ್ಲಿ ನನ್ನಂಥವರು ಎಲ್ಲ ಕಾಲದಲ್ಲೂ ಇದ್ದರು ಅಂತ ಸಮಾಧಾನ.

ಇದರ ಶಾಸ್ತ್ರೀಯ ಹೆಸರು ಟಾಜೀಟಿಸ್. ಗಿಡಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ಕಟ್ಟಿದ ಸ್ವೀಡನ್ನಿನ ಲಿನೇಯಸ್ 1753ರ ಪುಸ್ತಕದಲ್ಲಿ ಖಾಯಂ ಮಾಡಿದ. ನಮ್ಮ ಸಸ್ಯಶಾಸ್ತ್ರದ ಪುಸ್ತಕಗಳು ಹೇಳುವ ಪ್ರಕಾರ ಅದು ಟಾಜೀಸ್ ಅನ್ನುವವನ ಹೆಸರಿನಿಂದ ಬಂದದ್ದು. ಯಾರು ಈ ಟಾಜೀಸ್?

ರೋಮ್‌ಗೆ ಉತ್ತರಕ್ಕೆ ಎಟ್ರೂರಿಯಾ. ಅಲ್ಲಿ ಟಾರ್ಕ್ವಿನಿ ಅಂತ ಒಂದು ಊರು. ಒಬ್ಬ ರೈತ ಹೊಲ ಉಳುತ್ತಿದ್ದ. ಒಂದು ಸಾಲು ದಿನಕ್ಕಿಂತ ಆಳವಾಗಿ ಹೋಯಿತು. ನೇಗಿಲ ಗೆರೆಯಿಂದ ಫಕ್ಕನೆ ಒಬ್ಬ ಹುಡುಗ ಎದ್ದು ನಿಂತ. ಮುಖ ಮಗುವಿನದ್ದು, ಬುದ್ಧಿ ಮುದುಕನದ್ದು. ರೈತ ಕೂಗಿಕೊಂಡ. ಊರೂರಿನವರು ಓಡಿ ಬಂದರು. ಹುಡುಗ ಎಲ್ಲರ ಎದುರು ಬಹಳ ಹೊತ್ತು ಮಾತಾಡಿದ. ಬಲಿ ಕೊಟ್ಟ ಪ್ರಾಣಿಯ ಕರುಳು ನೋಡಿ ಶಕುನ ಹೇಳುವ ವಿದ್ಯೆ ಪೂರ್ತಿ ಅವನೇ ಹೇಳಿಕೊಟ್ಟ, ಜನ ಬರೆದುಕೊಂಡರು. ಮುಂದೆ ರೋಮ್‌ನ ಸೇನಾಪತಿಗಳೂ ಆ ವಿದ್ಯೆಯವರನ್ನು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲ.

ಈ ಕಥೆಯನ್ನು ನಮಗಾಗಿ ಉಳಿಸಿದವರಲ್ಲಿ ಒಬ್ಬ ರೋಮ್‌ನ ದೊಡ್ಡ ಮಾತುಗಾರ ಸಿಸೆರೊ. ತಮಾಷೆ ಅಂದರೆ ಅವನು ಹೇಳಿದ್ದು ಗೇಲಿ ಮಾಡುವುದಕ್ಕೆ. ದೇವರು ನೇಗಿಲಿಗೆ ಸಿಕ್ಕಿದ ಅಂದರೆ ನಂಬುವ ದಡ್ಡ ಯಾರಿದ್ದಾನೆ, ಅವನು ದೇವರೇ ಆದರೆ ಮಣ್ಣೊಳಗೆ ಯಾಕೆ ಅಡಗಿದ್ದ ಅಂತ ಜಾಡಿಸಿದ್ದಾನೆ. ಗೇಲಿ ಮಾಡಿದವನ ಪುಸ್ತಕದಿಂದಲೇ ಕಥೆ ಬದುಕಿತು.

ನಿಮ್ಮ ಮುಖದಲ್ಲಿ ಈಗ ಏನು ಓಡುತ್ತಿದೆ ಅಂತ ನನಗೆ ಗೊತ್ತು. ಸೀತೆ! ಜನಕ ಉಳುವಾಗ ನೇಗಿಲ ಗೆರೆಯಲ್ಲಿ ಸಿಕ್ಕಿದ ಮಗು. ಸೀತೆ ಅಂದರೇ ನೇಗಿಲ ಗೆರೆ. ನನಗೂ ಮೈ ಜುಂ ಅಂತು. ಆದರೆ ಏನು ಕೇಳಬೇಕು? ಮಧ್ಯಸ್ಥರು ಯಾರು? ನನಗೆ ಯಾರೂ ಸಿಗಲಿಲ್ಲ. ಉಳುವ ಜನ ಎಲ್ಲೇ ಇರಲಿ, ಮಣ್ಣು ಸೀಳಿದಾಗ ಏನೋ ಹೊರಬರುವುದನ್ನು ದಿನಾ ನೋಡುತ್ತಾರೆ. ಕಥೆ ಎರಡು ಕಡೆ ತಾನಾಗಿ ಮೊಳೆಯಬಹುದು. ಹಾಗಾಗಿ ಇಲ್ಲಿ ಸುಮ್ನೆ ಇರೋಣ. ದಯವಿಟ್ಟು ನಾಳೆ ಬೆಳಿಗ್ಗೆ 'ಚೆಂಡುಹೂ ಸೀತಾಮಾತೆಯ ಹೂ, ರೋಮನ್ನರೇ ಒಪ್ಪಿದ್ದಾರೆ' ಅಂತ ಫಾರ್ವರ್ಡ್ ಮಾಡಬೇಡಿ. ಯಾರು ಮಾಡುತ್ತಾರೆ ಅಂತ ನನಗೆ ಗೊತ್ತು, ಹೆಸರು ಹೇಳುವುದಿಲ್ಲ.

ಗಿಡಕ್ಕೆ ಆ ಹುಡುಗನ ಹೆಸರು ಯಾಕೆ? ಚೆಂಡುಹೂ ಬೆಳೆದವರಿಗೆ ಹೇಳಬೇಕಾಗಿಲ್ಲ. ಒಂದು ವರ್ಷ ಒಣಗಿದ ಹೂ ಅಲ್ಲೇ ಉದುರಲಿ ಬಿಡಿ, ಮುಂದಿನ ಮಳೆಗೆ ಯಾರೂ ಕರೆಯದೆ ಮಣ್ಣಿಂದ ಎದ್ದು ನಿಲ್ಲುತ್ತದೆ. ಟಾಜೀಸ್ ಎದ್ದ ಹಾಗೆ.

ದೇವತೆ ಆಯಿತು, ಹೂವು ಆಯಿತು. ಹಾಡು? 1960ರ ದಶಕದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಕಡೆಯ ಹುಡುಗರು ಒಂದು ಬ್ಯಾಂಡು ಕಟ್ಟಿದರು. ಬೀಟಲ್ಸ್ ಹುಚ್ಚಿನ ಕಾಲ. ಟಾಮಿ ಬ್ಲೂಮ್ ಅನ್ನುವವನು ಹಾಡುತ್ತಿದ್ದ. ಆ ದೇಶದಲ್ಲಿ ಬಹಳ ಹೆಸರು ಮಾಡಿದರು, 1968ರ ಹೊತ್ತಿಗೆ ಮುಗಿಯಿತು. ಬ್ಯಾಂಡಿನ ಹೆಸರು ಏನು ಗೊತ್ತೇ? ಟಾಜೀಸ್. ಅದೇ ಐದು ಇಂಗ್ಲಿಷ್ ಅಕ್ಷರ, Tages, ಒಂದೂ ಆಚೆ ಈಚೆ ಇಲ್ಲ!

ಇದು ಕಂಡ ರಾತ್ರಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಲಿನೇಯಸ್ ಸ್ವೀಡನ್ನಿನವನು. ಬ್ಯಾಂಡೂ ಸ್ವೀಡನ್ನಿನದ್ದು. ಸ್ವೀಡಿಷ್ ಭಾಷೆಯಲ್ಲಿ ಚೆಂಡುಹೂವಿಗೆ ಮನೆಮಾತಿನಲ್ಲೂ ಟಾಗೆಟೆಸ್ ಅಂತಲೇ ಅನ್ನುತ್ತಾರೆ. ಸಂಬಂಧ ಕುದುರಿತು, ಛತ್ರ ಬುಕ್ ಮಾಡಿ ಅನ್ನುವಷ್ಟು ಖುಷಿ. ಆಮೇಲೆ ನನ್ನ ಪ್ರಶ್ನೆ ನನಗೇ ಹಾಕಿಕೊಂಡೆ. ಮಧ್ಯಸ್ಥರು?

ಮಧ್ಯಸ್ಥರು ಟಾಗೆ. ಟಾಗೆ ಅನ್ನುವುದು ಸ್ವೀಡನ್, ಡೆನ್ಮಾರ್ಕ್ ಕಡೆ ಗಂಡಸರ ಮಾಮೂಲಿ ಹೆಸರು, ನಮ್ಮಲ್ಲಿ ರಾಮಣ್ಣ ಇದ್ದ ಹಾಗೆ. ಅವರ ಭಾಷೆಯಲ್ಲಿ ಹೆಸರಿನ ಕೊನೆಗೆ 'ಸ್' ಸೇರಿಸಿದರೆ 'ಅವನ' ಅಂತ. ಬ್ಯಾಂಡಿಗೆ ಮೊದಲು ಸ್ಕಿಫಲ್ ಗ್ರೂಪ್ ಅನ್ನುವ ಬಾಲವೂ ಇತ್ತು, ಸ್ಕಿಫಲ್ ಅನ್ನುವುದು ಒಂದು ಥರದ ಸಂಗೀತ. ಅಂದರೆ 'ಟಾಗೆಯ ಸ್ಕಿಫಲ್ ಗುಂಪು'. ನಮ್ಮಲ್ಲಿ ರಾಮಣ್ಣನ ಬ್ಯಾಂಡ್‌ಸೆಟ್ ಅಂದ ಹಾಗೆ. ನೇಗಿಲ ಗೆರೆಯೂ ಇಲ್ಲ, ಕರುಳಿನ ಶಕುನವೂ ಇಲ್ಲ. ಬಾಲ ಉದುರಿ ತಲೆ ಉಳಿಯಿತು, ಆ ತಲೆ ನೋಡಿದರೆ ಎಟ್ರೂರಿಯಾದ ಹುಡುಗನ ತಲೆಯ ಹಾಗೇ ಇದೆ!

ಪುರಾಣ, ಹೂವು, ಹಾಡು. ಅಕ್ಷರ ಅಕ್ಷರ ನೋಡಿದರೆ ಐರಿಸ್‌ಗಿಂತ ಎಷ್ಟೋ ಚೆನ್ನಾಗಿ ಕೂರುತ್ತದೆ. ಆದರೆ ಐರಿಸ್ ಹಾಡು ಆ ಪೇಪರಿನ ಮೂಲಕವಾದರೂ ದೇವತೆಯವರೆಗೆ ಹೋಗಿ ಮುಟ್ಟುತ್ತದೆ. ಈ ಬ್ಯಾಂಡು ಮುಟ್ಟುವುದಿಲ್ಲ. ಎರಡನ್ನೂ ಒಂದೇ ಕ್ವಿಜ್‌ನಲ್ಲಿ ಕೇಳಬಹುದು, ಎರಡಕ್ಕೂ 10 ಅಂಕ ಕೊಡಬಹುದು. ಎರಡೂ ಒಂದೇ ಥರ ಅಂತ ಮಾತ್ರ ನಾನು ಇನ್ನು ಯಾವತ್ತೂ ಹೇಳುವುದಿಲ್ಲ.

ಐದು ನಿಮಿಷ? ಆಯಿತು ಆಯಿತು.

ವೀನಸ್ ಅಂದವರಿಗೆ ಉತ್ತರ. ಹಾಡು ಇದೆ, 1969ರಲ್ಲಿ ಹಾಲೆಂಡಿನ ಶಾಕಿಂಗ್ ಬ್ಲೂ ಬ್ಯಾಂಡಿನದ್ದು. ಅದರ ಮೊದಲ ಸಾಲಿನಲ್ಲಿ ದೇವತೆ ಅನ್ನುವ ಇಂಗ್ಲಿಷ್ ಪದವನ್ನು ಬರೆದುಕೊಟ್ಟವನು ಕಾಗುಣಿತ ತಪ್ಪಿದ್ದ. ಹಾಡಿದವಳು ಬರೆದ ಹಾಗೇ ಹಾಡಿದಳು. ಆ ತಪ್ಪಿನ ಸಮೇತ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ನನ್ನ ಕ್ವಿಜ್‌ಗೂ ಹಾಗೇ ಆಗಿದ್ದರೆ ಚೆನ್ನಾಗಿತ್ತು. ಗಿಡ ವೀನಸ್ ಫ್ಲೈಟ್ರಾಪ್, ನೊಣ ಹಿಡಿಯುವುದು. ಆದರೆ ನೊಣ ಹಿಡಿಯುವುದು ಎಲೆ, ಹೂವಲ್ಲ. ಸಸ್ಯಶಾಸ್ತ್ರದ ಮೇಷ್ಟ್ರಾಗಿ ಅರ್ಧ ಅಂಕ.

ಮಾರ್ಸ್ ಬಗ್ಗೆ ಇಡೀ 10 ನಿಮಿಷ ಇಟ್ಟುಕೊಂಡಿದ್ದೆ. ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಯುದ್ಧದ ದೇವರು ಮಾರ್ಸ್ ಹುಟ್ಟಿದ್ದು ಹೂವಿನಿಂದ ಅಂತ ರೋಮನ್ ಕವಿ ಓವಿಡ್ ಬರೆದಿದ್ದಾನೆ. ಗಂಡ ತನ್ನ ತಲೆಯಿಂದಲೇ ಮಿನರ್ವಾಳನ್ನು ಹೆತ್ತ ಅಂತ ಜೂನೋಗೆ ಸಿಟ್ಟು. ನಾನೂ ಒಬ್ಬಳೇ ಹೆರುತ್ತೇನೆ ಅಂತ ಹೊರಟಳು. ಹೂವಿನ ದೇವತೆ ಫ್ಲೋರಾ ಒಂದು ಹೂ ಕಿತ್ತು ಅವಳಿಗೆ ಮುಟ್ಟಿಸಿದಳು. ಬಂಜೆ ಹಸುವಿಗೆ ಮುಟ್ಟಿಸಿದರೂ ಕರು ಹಾಕುವಂಥ ಹೂ ಅದು! ಮಾರ್ಸ್ ಹುಟ್ಟಿದ. ಈಗಿನ ಮಕ್ಕಳಿಗೆ ಗಾಯಕ ಬ್ರೂನೋ ಮಾರ್ಸ್ ಗೊತ್ತು. ಅವನ ಒಂದು ಹಾಡಿನಲ್ಲಿ, ಅವಳಿಗೆ ಹೂ ಕೊಡಿಸಬೇಕಿತ್ತು, ಕೊಡಿಸಲಿಲ್ಲ ಅಂತ ಕೊರಗುತ್ತಾನೆ. ಹೂವಿನಿಂದ ಹುಟ್ಟಿದವನ ಹೆಸರಿಟ್ಟುಕೊಂಡು ಒಂದು ಹೂ ಕೊಡಿಸಲಾಗಲಿಲ್ಲ! 2023ರಲ್ಲಿ ಮೈಲಿ ಸೈರಸ್, ನನ್ನ ಹೂ ನಾನೇ ಕೊಂಡುಕೊಳ್ಳುತ್ತೇನೆ ಅಂತ ಹಾಡಿದಾಗ, ಇದು ಆ ಹಾಡಿಗೇ ಜವಾಬು ಅಂತ ಜನ ಮಾತಾಡಿಕೊಂಡರು. ಮಾರ್ಸ್ ಅಂದರೆ ನಮ್ಮ ಮಂಗಳ. ಮಂಗಳವಾರ ಲ್ಯಾಟಿನ್‌ನಲ್ಲೂ ಮಾರ್ಸ್‌ನ ದಿನವೇ. ಇಲ್ಲಿ ಮಧ್ಯಸ್ಥರು ಸಿಗುತ್ತಾರೆ, ಗ್ರೀಕ್ ಕಡೆಯಿಂದ ಗ್ರಹಗಳ ವಾರ ಹೊತ್ತು ತಂದ ಜ್ಯೋತಿಷಿಗಳು. ಗಾಯಕ ಫ್ರೆಡ್ಡಿ ಮರ್ಕ್ಯುರಿ ಬಗ್ಗೆಯೂ ಇತ್ತು, ಪಂಚಗನಿಯಲ್ಲಿ ಓದಿದವನು, ಅದು ಬಿಟ್ಟೆ. ಅರೋರಾ ಬಿಟ್ಟೆ. ನಾರ್ಸಿಸಸ್ ಬಿಟ್ಟೆ.

ಕೊನೆಯದಾಗಿ ಲೆಕ್ಕ. ಪ್ರಶ್ನೆ ನನ್ನದು, ತಪ್ಪು ನನ್ನದು. ಹಾಗಾಗಿ ಉತ್ತರ ಹೇಳಿದ ಸಂಪಿಗೆ ತಂಡದ 10 ಅಂಕ ಕಿತ್ತುಕೊಳ್ಳುವುದಿಲ್ಲ. ತಪ್ಪು ತೋರಿಸಿದ ಮಲ್ಲಿಗೆ ತಂಡಕ್ಕೂ 10 ಅಂಕ ಕೊಟ್ಟಿದ್ದೇನೆ. ಸ್ಕೋರ್ ಶೀಟ್ ತಿದ್ದಿ ಸಹಿ ಹಾಕಿ ಕಾರ್ಯದರ್ಶಿಗಳ ಕೈಗೆ ಕೊಟ್ಟಾಗಿದೆ. ಅಲ್ಲಿಗೆ ಎರಡೂ ತಂಡ ಸಮ. ಟೈ ಬ್ರೇಕರ್ ಇವತ್ತೇ, ಕಾಫಿ ಆದಮೇಲೆ. ಪ್ರಶ್ನೆ ಒಂದೇ ಒಂದು, ಈ ಸಲ ಕೇಳುವವನು ನಾನಲ್ಲ. ಆ ಹುಡುಗಿಯ ಅಜ್ಜಿಯವರು ಎರಡೂ ತಂಡದವರು ಒಪ್ಪಿದರೆ ತಾವೇ ಕೇಳುತ್ತೇನೆ ಅಂದಿದ್ದಾರೆ. ಹೊರಗೆ ಬಾಗಿಲ ಹತ್ತಿರ ಟ್ರೇನಲ್ಲಿ ಚೆಂಡುಹೂವಿನ ಸಸಿ ಇಟ್ಟಿದ್ದೇನೆ, ಮನೆಗೆ ಎರಡರಂತೆ ತಗೊಳ್ಳಿ. ಬಿಸಿಲಿಗೆ ಇಡಿ, ನೀರು ಜಾಸ್ತಿ ಹಾಕಬೇಡಿ. ಆ ದವನ ಯಾರ ಹತ್ತಿರ ಉಳಿಯಿತು, ವಾಪಸ್ ಕೊಡಿ, ಮನೆಯಲ್ಲಿ ಕೇಳುತ್ತಾರೆ.